ಚೇತನವನ್ನು ಜಡವೆಂದು ಬಗೆದರೆ

ಸಂಸ್ಕೃತದ ‘ವಸ್’ ಎಂಬ ಧಾತುವಿಗೆ ನೆಲಸು, ವಾಸಿಸು ಎಂಬ ಅರ್ಥವಿದೆ. ಅದರಿಂದ ಹುಟ್ಟಿದ ‘ವಸ್ತು’ ಶಬ್ದವು ಶಿವಶರಣರ ಪರಿಭಾಷೆಯಲ್ಲಿ ಪರಶಿವನನ್ನೇ ಸೂಚಿಸುತ್ತದೆ. ಲೋಕದ ಮಾತಿನಲ್ಲಾದರೋ ಅದೇ ಶಬ್ದವು ಕೊಳ್ಳುವ, ಮಾರುವ, ಬಳಸಿ ಮೂಲೆಗೆ ಒಗೆಯುವ ಪದಾರ್ಥಕ್ಕೆ ಹೆಸರಾಗಿದೆ. ಎದುರಿಗಿರುವ ಮನುಷ್ಯನಲ್ಲಿ ಮೊದಲನೆಯ ವಸ್ತುವನ್ನು ಕಾಣುವವನು ಭಕ್ತನು. ಎರಡನೆಯದನ್ನು ಮಾತ್ರ ಕಾಣುವವನು ಎಷ್ಟು ವಿಭೂತಿಯನ್ನು ಧರಿಸಿದರೂ ಭಕ್ತಸ್ಥಲದ ಹೊಸ್ತಿಲನ್ನು ದಾಟಿದವನಲ್ಲ.

ಕೊಡಲಿಗೆ ನೋವಿಲ್ಲ, ಒರಳಿಗೆ ಮಾನಾಪಮಾನಗಳಿಲ್ಲ. ಮನುಷ್ಯನು ಹಾಗಲ್ಲ. ತನ್ನನ್ನು ಕೇವಲ ಉಪಕರಣವೆಂದು ನೋಡುವ ಕಣ್ಣು ಎಂತಹುದೆಂಬುದು ಅವನಿಗೆ ಒಡನೆಯೇ ತಿಳಿಯುತ್ತದೆ. ಆ ನೋವು ಒಬ್ಬನಲ್ಲಿ ಒಳಗೇ ಇಂಗಿ ಅವನನ್ನು ಜಡನನ್ನಾಗಿ ಮಾಡುತ್ತದೆ. ಮತ್ತೊಬ್ಬನಲ್ಲಿ ಕ್ರೋಧವಾಗಿ ಸಿಡಿಯುತ್ತದೆ. ಇನ್ನೊಬ್ಬನಲ್ಲಿ ಅದು ನೋಯಿಸಿದವರನ್ನು ಬಿಟ್ಟು ತನಗಿಂತ ದುರ್ಬಲರಾದವರ ಮೇಲೆ ತಿರುಗುತ್ತದೆ. ಹಾಗೆ ಕಂಡವನ ಹೃದಯವೂ ಕೆಡದೆ ಉಳಿಯುವುದಿಲ್ಲ.

ಇದಕ್ಕೆ ಅಮೇರಿಕಾ ದೇಶದ ಫ್ರೆಡರಿಕ್ ಡಗ್ಲಸ್ ಎಂಬ ಮಹಾನುಭಾವನ ಚರಿತ್ರೆಯು ಸಾಕ್ಷಿಯಾಗಿದೆ. ಮೇರಿಲ್ಯಾಂಡ್ ಪ್ರಾಂತದಲ್ಲಿ ಗುಲಾಮಳ ಮಗನಾಗಿ ಹುಟ್ಟಿದ ಆತನು 1845ರಲ್ಲಿ ತನ್ನ ಆತ್ಮಕಥೆಯನ್ನು ಪ್ರಕಟಿಸಿದನು. ಯಜಮಾನನು ತೀರಿಕೊಂಡಾಗ ಆಸ್ತಿಗೆ ಬೆಲೆ ಕಟ್ಟುವ ಸಲುವಾಗಿ ಗಂಡಸರು, ಹೆಂಗಸರು, ಮಕ್ಕಳು ಎಲ್ಲರನ್ನೂ ಕುದುರೆ ಹಂದಿಗಳೊಡನೆ ಸಾಲಾಗಿ ನಿಲ್ಲಿಸಿದುದನ್ನು ಆತನು ಅದರಲ್ಲಿ ಬರೆದಿದ್ದಾನೆ. 1834ರಲ್ಲಿ ಆತನನ್ನು ಕೋವಿ ಎಂಬ ಬೇಸಾಯಗಾರನ ವಶಕ್ಕೆ ಕೊಟ್ಟರು. ಹೋರಿಯನ್ನು ಪಳಗಿಸುವಂತೆ ಗುಲಾಮರನ್ನು ಪಳಗಿಸುವುದರಲ್ಲಿ ಅವನು ಹೆಸರಾದವನು. ಅವನ ಮನೆಯಲ್ಲಿ ಬೆಳಗೂ ಬೈಗೂ ಪ್ರಾರ್ಥನೆ ನಡೆಯುತ್ತಿದ್ದುದನ್ನು ಇಲ್ಲಿ ಗಮನಿಸಬೇಕು. ಆರು ತಿಂಗಳ ಹೊಡೆತದಿಂದ ಡಗ್ಲಸನ ಬುದ್ಧಿಯು ಮಂಕಾಯಿತು; ಓದಬೇಕೆಂಬ ಆಸೆ ಸತ್ತಿತು; ಬಿಡುವಿನ ದಿನವನ್ನು ಮರದ ಕೆಳಗೆ ಪಶುವಿನಂತೆ ಬಿದ್ದು ಕಳೆಯುವಂತಾಯಿತು. ಬಳಿಕ ಒಂದು ದಿನ ಆತನು ತಿರುಗಿ ನಿಂತನು. ಸುಮಾರು ಎರಡು ಗಂಟೆಗಳ ಕಾಲ ಇಬ್ಬರೂ ಹೋರಾಡಿದರು. ಅಂದಿನಿಂದ ಕೋವಿಯು ಆತನನ್ನು ಹೊಡೆಯಲಿಲ್ಲ. ಮೊದಲಿನ ಜಡತ್ವವೂ ಅನಂತರದ ಕ್ರೋಧವೂ ಒಂದೇ ಬೇರಿನ ಎರಡು ಕವಲುಗಳೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅದೇ ಗ್ರಂಥದಲ್ಲಿ ಬಾಲ್ಟಿಮೋರ್ ಪಟ್ಟಣದ ಸೋಫಿಯಾ ಎಂಬ ಗೃಹಿಣಿಯ ಪ್ರಸಂಗವಿದೆ. ಆಕೆ ಮದುವೆಗೆ ಮುನ್ನ ನೇಯ್ಗೆಯ ಕಾಯಕದಿಂದ ಬದುಕಿದವಳು, ಗುಲಾಮರನ್ನು ಇಟ್ಟುಕೊಂಡವಳಲ್ಲ. ಆದುದರಿಂದಲೇ ಬಾಲಕ ಡಗ್ಲಸನನ್ನು ಮಗುವೆಂದೇ ಕಂಡು ಅಕ್ಷರಾಭ್ಯಾಸವನ್ನು ಆರಂಭಿಸಿದಳು. ಗಂಡನು ತಡೆದನು. ಬರಬರುತ್ತ ಆಕೆಯ ದೃಷ್ಟಿಯೇ ಬದಲಾಯಿತು. ಹುಡುಗನ ಕೈಯಲ್ಲಿ ಪತ್ರಿಕೆಯನ್ನು ಕಂಡರೆ ಸಿಟ್ಟಿನಿಂದ ಕಿತ್ತುಕೊಳ್ಳುವಷ್ಟು ಕಠಿಣಳಾದಳು. ಗುಲಾಮಗಿರಿಯು ತನಗೆ ಮಾಡಿದಷ್ಟೇ ಕೇಡನ್ನು ಆಕೆಗೂ ಮಾಡಿತೆಂದು ಡಗ್ಲಸನು ಮರುಗಿದ್ದಾನೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಈ ರೋಗಕ್ಕೆ ಮದ್ದನ್ನು ಕಂಡುಕೊಂಡಿದ್ದರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಇವರ ಹೆಸರಿನೊಡನೆ ಕಾಯಕವೂ ಸೇರಿದೆ. ಆದರೆ ಅವರು ಯಾರ ಕೈಯ ಉಪಕರಣಗಳೂ ಆಗಿರಲಿಲ್ಲ. ಪ್ರತಿಯೊಬ್ಬರಿಗೂ ಸ್ವಂತ ಅನುಭಾವ, ಸ್ವಂತ ಅಂಕಿತ, ಸ್ವಂತ ಮಾತು ಇದ್ದಿತು. ಆಯ್ದಕ್ಕಿ ಲಕ್ಕಮ್ಮನು ಅಗತ್ಯಕ್ಕೆ ಮೀರಿ ಅಕ್ಕಿ ತಂದ ಪತಿಯನ್ನೇ ತಿದ್ದಿದಳು. ಲೋಕವು ಹಣಕ್ಕೆ ದೊರೆಯುವ ಸರಕೆಂದು ಕಂಡ ಸೂಳೆ ಸಂಕವ್ವೆಯೂ ವಚನಕಾರ್ತಿಯಾದಳು. ಮಾತಿಗೆ ಎಡೆ ಸಿಕ್ಕಿದಲ್ಲಿ ನೋವು ವಿಷವಾಗುವುದಿಲ್ಲ.

ಇನ್ನು ಗೃಹಸ್ಥರು ತಮ್ಮ ಮನೆಯೊಳಗೆ ನೋಡಿಕೊಳ್ಳಬೇಕು. ಜೀತಪದ್ಧತಿಯನ್ನು 1976ರಲ್ಲಿ ಕಾನೂನು ರದ್ದುಮಾಡಿತು. ವರದಕ್ಷಿಣೆಯನ್ನು 1961ರಲ್ಲೇ ನಿಷೇಧಿಸಿತು. ಆದರೆ ಆಳನ್ನು ಹೆಸರು ಹಿಡಿದು ಕರೆಯದ ನಾಲಗೆಯನ್ನೂ, ಸೊಸೆಯನ್ನು ತಂದ ಚಿನ್ನದಿಂದ ತೂಗುವ ಕಣ್ಣನ್ನೂ ಕಾನೂನು ತಿದ್ದಲಾರದು. ಅಂತಹ ಮನೆಗೆ ಬಂದ ಸೊಸೆ ಮರುಮಾತಾಡದೆ ದುಡಿಯುತ್ತಾಳೆ. ಮನೆ ಶಾಂತವಾಗಿದೆಯೆಂದು ಹಿರಿಯರು ಹಿಗ್ಗುತ್ತಾರೆ. ಆದರೆ ನುಂಗಿದ ಮಾತು ಎಲ್ಲಿಯೂ ಹೋಗಿರುವುದಿಲ್ಲ. ಒಂದು ದಿನ ಅದು ಅವಳ ಮಗುವಿನ ಬೆನ್ನಿನ ಮೇಲೆ ಏಟಾಗಿ ಬೀಳುತ್ತದೆ. ಇಪ್ಪತ್ತೈದು ವರ್ಷಗಳ ಮೇಲೆ ಅವಳೇ ಅತ್ತೆಯಾದಾಗ ಇನ್ನೊಬ್ಬರ ಮಗಳನ್ನು ಸುಡುತ್ತದೆ. ‘ಅವಳ ಸ್ವಭಾವವೇ ಕೆಟ್ಟದ್ದು’ ಎಂದು ಜನರು ಆಡಿಕೊಳ್ಳುತ್ತಾರೆ. ಆ ಸ್ವಭಾವಕ್ಕೆ ಹೆಪ್ಪು ಹಾಕಿದವರು ಯಾರೆಂದು ಕೇಳುವವರಿಲ್ಲ.

ಹೀಗೆಂದು ಕ್ರೋಧವು ಧರ್ಮವೆನಿಸುವುದಿಲ್ಲ. ನೊಂದವನು ತನಗಿಂತ ದುರ್ಬಲನನ್ನು ನೋಯಿಸಿದರೆ ಆ ದೋಷಕ್ಕೆ ಅವನೇ ಹೊಣೆ. ಆದರೆ ಕ್ರೋಧವನ್ನು ಬಿಡೆಂದು ಆಳಿಗೂ ಸೊಸೆಗೂ ಉಪದೇಶಿಸುವ ಯಜಮಾನನು ಮೊದಲು ತನ್ನ ದೃಷ್ಟಿಯನ್ನು ಬದಲಿಸತಕ್ಕದ್ದು. ದೃಷ್ಟಿ ಬದಲಾದರೆ ಎಂತಹ ಹಳೆಯ ಕ್ರೋಧವೂ ಕರಗುವುದುಂಟು. ಡಗ್ಲಸನನ್ನು ಕೋವಿಯ ಬಳಿಗೆ ಕಳುಹಿಸಿದ ಯಜಮಾನ ಥಾಮಸ್ ಆಲ್ಡ್ 1877ರಲ್ಲಿ ಹಾಸಿಗೆ ಹಿಡಿದಿದ್ದನು. ಆಗ ಸರಕಾರದ ಉನ್ನತಾಧಿಕಾರಿಯಾಗಿದ್ದ ಡಗ್ಲಸನು ಅವನನ್ನು ಕಾಣಲು ಹೋದನು. ಮುದುಕನು ಆತನನ್ನು ಪದವಿಯ ಹೆಸರಿನಿಂದ ಗೌರವಿಸಿ ಕರೆದನು. ನಡುಗುವ ಕೈಯನ್ನು ಡಗ್ಲಸನು ಹಿಡಿದುಕೊಂಡನು. ಮುದುಕನ ಕಣ್ಣಲ್ಲಿ ನೀರು ಹರಿಯಿತು.

ಶಿವಭಕ್ತರು ಇಷ್ಟಲಿಂಗವನ್ನು ಕರಸ್ಥಲದಲ್ಲಿ ಇರಿಸಿಕೊಳ್ಳುವ ಮುನ್ನ, ಅಂದು ಮನೆಯಲ್ಲಿ ಯಾರನ್ನು ಯಾವ ಮಾತಿನಿಂದ ಕರೆದೆವೆಂದು ಒಂದು ಗಳಿಗೆ ನೆನೆಯಲಿ. ತಪ್ಪಿದ್ದರೆ ಮೊದಲು ಅಲ್ಲಿ ಸರಿಪಡಿಸಿಕೊಂಡು ಬಳಿಕ ಪೂಜೆಗೆ ಕುಳಿತುಕೊಳ್ಳಲಿ. ಸಕಲ ಜೀವರಲ್ಲಿ ನೆಲಸಿರುವ ಪರವಸ್ತುವನ್ನು ಕಾಣುವ ಕಣ್ಣನ್ನು ಶಿವನು ಎಲ್ಲರಿಗೂ ಅನುಗ್ರಹಿಸಲಿ.