ಅತಿಥಿಯ ಋಣ

ಕಡಲಿನ ನಡುವೆ ಒಂದು ಹಸಿರು ದ್ವೀಪ. ತೆಂಗಿನ ಗರಿ ಹೊದಿಸಿದ ಕುಟೀರಗಳು. ಬಿಸಿಲಿನ ಶಕ್ತಿಯಿಂದ ಬೆಳಗುವ ದೀಪಗಳು. ಪ್ಲಾಸ್ಟಿಕ್ಕಿನ ಸುಳಿವಿಲ್ಲದ ಊಟದ ಮನೆ. ಇಂತಹ ತಾಣಗಳನ್ನು 'ಪರಿಸರಸ್ನೇಹಿ ವಿಹಾರಧಾಮ'ಗಳೆಂದು ಕರೆಯುವುದು ಈಗಿನ ವಾಡಿಕೆ. ಪ್ರಕೃತಿಗೆ ನೋವಾಗದಂತೆ ಪ್ರಕೃತಿಯ ಸುಖವನ್ನು ಪಡೆಯಬಹುದೆಂಬ ಭರವಸೆಯನ್ನು ಅವು ನೀಡುತ್ತವೆ. ಈ ಭರವಸೆ ಎಷ್ಟರಮಟ್ಟಿಗೆ ನಿಜ? ಬೆಲೆ ತೆತ್ತು ತಂಗಿದವನು ಬೆಲೆ ತೆತ್ತ ಮಾತ್ರಕ್ಕೆ ಆ ನೆಲದ ಋಣದಿಂದ ಮುಕ್ತನಾಗುವನೆ?

ಸಮುದ್ರದಿಂದ ಬಹುದೂರದಲ್ಲಿರುವ ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳ ಕನ್ನಡ ಶಾಲೆಗಳಲ್ಲಿ ಕಲಿಸುವ ಹಾಗೂ ಕಲಿಯುವ ನಮಗೆ ಈ ಪ್ರಶ್ನೆ ಏತಕ್ಕೆಂದು ವಾಚಕರು ಕೇಳಬಹುದು. ದ್ವೀಪದ ವಿಹಾರ ನಮ್ಮಲ್ಲಿ ಅನೇಕರ ಆದಾಯಕ್ಕೆ ನಿಲುಕುವಂತಹುದಲ್ಲ ಎಂಬುದೂ ನಿಜ. ಆದರೆ ಬೇರೆ ಕಡೆಗಳಲ್ಲಿ ಮರೆಯಾಗಿ ನಡೆಯುವುದು ದ್ವೀಪದಲ್ಲಿ ಕಣ್ಣಿಗೆ ಕಾಣುವಂತೆ ನಡೆಯುತ್ತದೆ. ಅಲ್ಲಿ ನೋಡಿ ಕಲಿತದ್ದು ನಮ್ಮ ಊರಿಗೂ ಅನ್ವಯಿಸುತ್ತದೆ.

'ಅತಿಥಿ' ಎಂದರೆ ತಿಥಿಯನ್ನು ಗೊತ್ತುಮಾಡದೆ ಬರುವವನು ಎಂದು ನಮ್ಮ ಹಿರಿಯರು ಅರ್ಥ ಹೇಳಿದ್ದಾರೆ. ಅವನನ್ನು ಸತ್ಕರಿಸುವುದು ಗೃಹಸ್ಥನ ಧರ್ಮ. ಆದರೆ ಅತಿಥಿಗೂ ಒಂದು ಧರ್ಮವಿದೆ ಎಂಬುದನ್ನು ನಾವು ಮರೆಯುವುದುಂಟು. ವೈಶಾಖದ ಬಿಸಿಲಿನಲ್ಲಿ ನಮ್ಮ ಕಡೆಯ ಒಂದು ಹಳ್ಳಿಯ ಮನೆಗೆ ನೆಂಟರು ಬಂದರೆನ್ನಿ. ಕಾಲು ತೊಳೆಯಲು ನೀರು ಕೊಡುವ ತಾಯಿ ಆ ನೀರನ್ನು ಎಷ್ಟು ದೂರದಿಂದ ಹೊತ್ತು ತಂದಳೆಂಬುದು ಅವರಿಗೆ ತಿಳಿದಿರುತ್ತದೆ. ಕೊಡದ ತಳ ಅವರ ಕಣ್ಣಿಗೆ ಬೀಳುತ್ತದೆ. ಆದುದರಿಂದ ಯಾರೂ ಹೇಳದೆಯೇ ಅವರು ಒಂದು ತಂಬಿಗೆಯಲ್ಲಿ ತೃಪ್ತರಾಗುತ್ತಾರೆ. ವಿಹಾರಧಾಮದಲ್ಲಿ ತಂಗುವವನಾದರೋ ತಿಥಿಯನ್ನು ಮೊದಲೇ ಗೊತ್ತುಮಾಡಿ, ಹಣವನ್ನು ಮುಂಗಡವಾಗಿ ತೆತ್ತು ಬಂದವನು. ಅವನಿಗೆ ನಲ್ಲಿ ಕಾಣುತ್ತದೆ, ಕೊಡ ಕಾಣುವುದಿಲ್ಲ. ಹಣದ ದೊಡ್ಡ ಅನುಕೂಲವೂ ದೊಡ್ಡ ದೋಷವೂ ಇದೇ: ಅದು ಕೊಡುವವನ ಮುಖವನ್ನು ಮರೆಮಾಡುತ್ತದೆ.

ಲಕ್ಷದ್ವೀಪವನ್ನೇ ನೋಡೋಣ. ಅಲ್ಲಿರುವುದು 36 ದ್ವೀಪಗಳು, ಜನವಸತಿಯಿರುವುವು 10, ನೆಲವೆಲ್ಲ ಸೇರಿ ಸುಮಾರು 32 ಚದರ ಕಿಲೋಮೀಟರು, 2011ರ ಜನಗಣತಿಯಂತೆ ಜನಸಂಖ್ಯೆ 64,473. ಅಲ್ಲಿ ನದಿಯಿಲ್ಲ, ಬೆಟ್ಟವಿಲ್ಲ. ಬಿದ್ದ ಮಳೆ ಹವಳದ ಮರಳಿನಲ್ಲಿ ಇಂಗಿ, ಉಪ್ಪುನೀರಿಗಿಂತ ಹಗುರವಾದುದರಿಂದ ಅದರ ಮೇಲೆ ತೆಳುವಾದ ಪದರವಾಗಿ ನಿಲ್ಲುತ್ತದೆ. ಬಾವಿಯಲ್ಲಿ ದೊರೆಯುವುದು ಈ ಪದರದ ನೀರು. ಯಂತ್ರ ಹಚ್ಚಿ ಮಿತಿಮೀರಿ ಎಳೆದರೆ ಅಡಿಯ ಉಪ್ಪು ಮೇಲೇರಿ ಬಾವಿಯೇ ಕೆಡುತ್ತದೆ. 2005ರಲ್ಲಿ ಕವರತ್ತಿಯಲ್ಲಿ ಕಡಲಿನ ನೀರನ್ನು ಸಿಹಿಗೊಳಿಸುವ ಸ್ಥಾವರವೊಂದು ಆರಂಭವಾಯಿತು. ಮೇಲ್ಪದರದ ಬೆಚ್ಚನೆಯ ನೀರನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ, ಆಳದಿಂದ ತಂದ ತಣ್ಣನೆಯ ನೀರಿನಿಂದ ಆ ಆವಿಯನ್ನು ತಂಪುಗೊಳಿಸಿ, ದಿನಕ್ಕೆ 1 ಲಕ್ಷ ಲೀಟರು ಕುಡಿಯುವ ನೀರನ್ನು ಪಡೆಯುವಂತೆ ಅದನ್ನು ರಚಿಸಲಾಗಿತ್ತು. ಸಿಹಿನೀರಿಗಾಗಿ ಇಷ್ಟು ಶ್ರಮಪಡಬೇಕಾದ ನೆಲದಲ್ಲಿ, ಬೇಕಾದಷ್ಟು ನೀರು ಸುರಿದುಕೊಂಡು ಮೀಯುವ ಹಕ್ಕು ಹಣದಿಂದ ಬರುತ್ತದೆಯೆ?

ನೀರಿನ ಮಾತು ಹೀಗಾದರೆ ಹವಳದ ಮಾತು ಇನ್ನೂ ಸೂಕ್ಷ್ಮ. ದ್ವೀಪವನ್ನು ಅಲೆಗಳ ಹೊಡೆತದಿಂದ ಕಾಯುವುದು ಸುತ್ತಲಿನ ಹವಳದ ದಿಬ್ಬ. ಕಡಲು ಅತಿಯಾಗಿ ಬೆಚ್ಚಗಾದ 1998, 2010 ಮತ್ತು 2016ನೆಯ ವರ್ಷಗಳಲ್ಲಿ ಅಲ್ಲಿಯ ಹವಳಗಳು ಬಿಳಿಚಿಕೊಂಡು, ಬಹಳಷ್ಟು ಸತ್ತವು. ಕುಟೀರದ ದೀಪ ಬಿಸಿಲಿನಿಂದ ಬೆಳಗಿದರೂ ಅತಿಥಿಯನ್ನು ಹೊತ್ತು ತಂದ ವಿಮಾನ ಎಣ್ಣೆಯನ್ನೇ ಸುಡುತ್ತದೆ. ಕಡಲನ್ನು ಬೆಚ್ಚಗಾಗಿಸುವ ಹೊಗೆಯಲ್ಲಿ ಅದರ ಪಾಲೂ ಇದೆ. ಹೊಸ್ತಿಲಿನ ಒಳಗಿನ ಶುಚಿತ್ವವನ್ನು ಎಣಿಸಿ, ಹೊಸ್ತಿಲಿನವರೆಗೆ ಬಂದ ದಾರಿಯನ್ನು ಎಣಿಸದ ಲೆಕ್ಕ ಅರ್ಧ ಲೆಕ್ಕವೇ ಸರಿ.

ಹಾಗಾದರೆ ಯಾರೂ ಎಲ್ಲಿಗೂ ಹೋಗಬಾರದೆ? ನಮ್ಮ ಅಭಿಪ್ರಾಯ ಅದಲ್ಲ. ಕೋಶ ಓದುವಂತೆ ದೇಶವನ್ನೂ ಸುತ್ತಬೇಕೆಂಬುದು ನಮ್ಮ ಜನರ ಗಾದೆ. ಪ್ರವಾಸಿಗರಿಂದ ದೋಣಿಯವನಿಗೆ ಅನ್ನವುಂಟು. ದ್ವೀಪದ ತರುಣರಿಗೆ ಊರು ಬಿಡದೆ ದೊರೆಯುವ ಉದ್ಯೋಗವುಂಟು. ಕಣ್ಣಾರೆ ಕಂಡ ಕಡಲಿನ ಮೇಲೆ ಹುಟ್ಟುವ ಪ್ರೀತಿ ಪುಸ್ತಕದಿಂದ ಹುಟ್ಟುವುದು ಕಷ್ಟ. ಬಿಸಿಲಿನ ದೀಪವನ್ನೂ ಬಟ್ಟೆಯ ಚೀಲವನ್ನೂ ಹಾಸ್ಯಮಾಡುವುದು ಸಲ್ಲದು. ಸ್ವಲ್ಪ ಕಡಿಮೆ ಕೆಡಿಸುವುದೂ ಒಳ್ಳೆಯದೇ. ನಮ್ಮ ಆಕ್ಷೇಪವಿರುವುದು 'ಸ್ನೇಹ' ಎಂಬ ಹೆಸರಿನ ಬಗೆಗೆ. ಸ್ನೇಹವು ಇಬ್ಬರೂ ಒಪ್ಪಬೇಕಾದ ಸಂಬಂಧ. ಒಡೆಯನೂ ಅತಿಥಿಯೂ ತಮ್ಮಷ್ಟಕ್ಕೆ ತಾವು ಸ್ನೇಹಿತರೆಂದು ಹೇಳಿಕೊಂಡರೆ ಸಾಲದು. ಆ ನೆಲದಲ್ಲಿ ಹುಟ್ಟಿ ಬಾಳುವವರು ಅದನ್ನು ಒಪ್ಪಬೇಕು.

ಒಪ್ಪಿಗೆಯಿಲ್ಲದೆಡೆ ಏನಾಗುತ್ತದೆಂಬುದಕ್ಕೆ ಕೇರಳದ ವೆಂಬನಾಡು ಹಿನ್ನೀರಿನಲ್ಲಿರುವ ನೆಡಿಯತುರುತ್ತು ದ್ವೀಪ ನಿದರ್ಶನ. ಅಲ್ಲಿ ಕರಾವಳಿ ನಿಯಮಗಳನ್ನು ಮೀರಿ 54 ವಿಲ್ಲಾಗಳ ವಿಹಾರಧಾಮವೊಂದು ಎದ್ದಿತು. ತಮ್ಮ ಬಲೆಗಳ ನೆಲೆ ಹೋಯಿತೆಂದು ಮೀನುಗಾರರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಕಟ್ಟಡಗಳನ್ನು ಕೆಡವಬೇಕೆಂದು ಕೇರಳದ ಉಚ್ಚ ನ್ಯಾಯಾಲಯ 2013ರಲ್ಲಿ ತೀರ್ಪಿತ್ತಿತು. 2020ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕೆಡಹುವ ಕೆಲಸ 2022ರ ಸೆಪ್ಟೆಂಬರಿನಲ್ಲಿ ಮೊದಲಾಯಿತು. ಬಲೆಯವರನ್ನು ಮೊದಲೇ ಕೇಳಿದ್ದರೆ ಕಟ್ಟುವ ಕಷ್ಟವೂ ಕೆಡಹುವ ಕಷ್ಟವೂ ತಪ್ಪುತ್ತಿದ್ದವು. ಮಲ್ಪೆಯ ಸಮೀಪದ ಸೇಂಟ್ ಮೇರಿ ದ್ವೀಪಗಳಲ್ಲಿ ಇದಕ್ಕೆ ಬೇರೆಯಾದ ರೀತಿಯೊಂದಿದೆ. ಕಂಬಕಂಬವಾಗಿ ನಿಂತ ಆ ಕಲ್ಲುಗಳನ್ನು ನೋಡಲು ದೋಣಿಯಲ್ಲಿ ಹೋದವರು ಸಂಜೆಗೆ ಮರಳಬೇಕು, ರಾತ್ರಿ ತಂಗುವಂತಿಲ್ಲ. ಕೆಲವು ಸ್ಥಳಗಳಿಗೆ ನಾವು ತೋರಬಹುದಾದ ಸ್ನೇಹವೆಂದರೆ ಅಲ್ಲಿ ತಂಗದೆ ಬರುವುದು.

ಇನ್ನು ನಮ್ಮ ನೆಲಕ್ಕೆ ಬರೋಣ. ತಾಂಡೂರಿನ ಹಾಸುಗಲ್ಲು ದೂರದ ನಗರಗಳ ಮನೆಗಳಿಗೆ ನೆಲವಾಗಿದೆ. ಬೇಸಗೆಯಲ್ಲಿ ಆ ತಂಪು ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆಯುವವರಿಗೆ, ಅದನ್ನು ಎತ್ತಿದ ಗಣಿಯ ಕುಳಿಯಾಗಲಿ ಕಲ್ಲು ಕೊಯ್ಯುವ ಕೂಲಿಯವನು ಸೇವಿಸುವ ಧೂಳಾಗಲಿ ಕಾಣುವುದಿಲ್ಲ. ಅವರು ಕೆಟ್ಟವರಲ್ಲ, ನ್ಯಾಯವಾಗಿ ಬೆಲೆ ತೆತ್ತವರು. ಆದರೂ ಬೆಲೆಯಲ್ಲಿ ಸೇರದ ಒಂದು ಬಾಕಿ ಇಲ್ಲಿ ಉಳಿದಿದೆಯೆಂಬುದು ತಾಂಡೂರಿನ ಮಕ್ಕಳಿಗೆ ಗೊತ್ತು. ದ್ವೀಪದವರು ತಮ್ಮ ಅತಿಥಿಗಳನ್ನು ಕುರಿತು ಹೇಳಬಹುದಾದ ಮಾತೂ ಇದೇ. ಪರರ ಸುಖಕ್ಕೆ ನೆಲವನ್ನು ಕೊಟ್ಟ ನಮಗೆ ಅವರ ಮಾತು ಬೇಗ ತಿಳಿಯಬೇಕು. ಅದೂ ಅಲ್ಲದೆ, ವಿಕಾರಾಬಾದಿನ ಬಳಿ ಮೂಸಿ ನದಿ ಹುಟ್ಟುವ ಅನಂತಗಿರಿಯ ಆಸುಪಾಸಿನಲ್ಲಿಯೂ ರೆಸಾರ್ಟುಗಳು ಎದ್ದಿವೆ. ಕಡಲು ದೂರವಿದ್ದರೂ ಪ್ರಶ್ನೆ ಹತ್ತಿರ ಬಂದಿದೆ.

ಉತ್ತರಕ್ಕೂ ನಾವು ಬಹುದೂರ ಹೋಗಬೇಕಾಗಿಲ್ಲ. ಜಹೀರಾಬಾದಿನ ಪಸ್ತಾಪುರದಲ್ಲಿ 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ಮಳೆಯನ್ನೇ ನಂಬಿದ ಹೊಲಗಳಲ್ಲಿ ಜೋಳ, ನವಣೆ, ಸಜ್ಜೆ, ತೊಗರಿ ಮೊದಲಾದವನ್ನು ಒಟ್ಟಿಗೆ ಬೆಳೆದು, ಬೀಜವನ್ನು ತಾವೇ ಕಾಪಾಡಿಕೊಂಡು ಬಂದಿವೆ. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಅವಕ್ಕೆ ಸಂದಿತು. ಬಿತ್ತುವ ಕಾಲದಲ್ಲಿ ಬೀಜ ಪಡೆದವಳು ಸುಗ್ಗಿಯಲ್ಲಿ ತಾನು ಪಡೆದುದಕ್ಕಿಂತ ಹೆಚ್ಚಾಗಿ ಹಿಂದಿರುಗಿಸಬೇಕೆಂಬುದು ಅಲ್ಲಿಯ ಕ್ರಮ. ಹಣ ಕೊಟ್ಟರೆ ಈ ಸಾಲ ತೀರುವುದಿಲ್ಲ. ಬೀಜಕ್ಕೆ ಬೀಜವನ್ನೇ ಕೊಡಬೇಕು.

ಅತಿಥಿಯ ಋಣವೂ ಇಂತಹುದೆಂದು ನಾವು ತಿಳಿಯುತ್ತೇವೆ. ನೀರನ್ನು ಬಳಸಿದವನು ನೀರನ್ನು ಉಳಿಸಿ ಆ ಋಣ ತೀರಿಸಬೇಕು. ಕಸ ತಂದವನು ಕಸವನ್ನು ಹಿಂದಕ್ಕೆ ಒಯ್ಯಬೇಕು. ಚೆಲುವನ್ನು ಸವಿದವನು ಆ ಚೆಲುವಿಗೆ ಕೇಡು ಬಂದಾಗ ಅಲ್ಲಿಯ ಜನರ ಪರವಾಗಿ ಮಾತನಾಡಬೇಕು. ಶಾಲೆಯ ಪ್ರವಾಸಕ್ಕೆಂದು ಝರಾಸಂಗಮಕ್ಕೋ ಅನಂತಗಿರಿಗೋ ಹೋಗುವ ನಮ್ಮ ವಿದ್ಯಾರ್ಥಿಗಳಿಗೆ, ಏನೇನು ನೋಡಿದಿರೆಂದು ಬರೆಯಲು ಹೇಳುವುದು ರೂಢಿ. ಯಾರ ಕೊಡದ ನೀರು ಕುಡಿದಿರಿ, ಅವರಿಗೆ ಏನನ್ನು ಉಳಿಸಿ ಬಂದಿರಿ ಎಂಬ ಪ್ರಶ್ನೆಯನ್ನೂ ಅಧ್ಯಾಪಕರು ಅದರ ಜೊತೆಗೆ ಸೇರಿಸಲಿ. ಹತ್ತಿರದ ಗುಡ್ಡದಲ್ಲಿ ಈ ಲೆಕ್ಕವನ್ನು ಕಲಿತ ಮಗು ಮುಂದೊಂದು ದಿನ ಯಾವ ದ್ವೀಪಕ್ಕೆ ಹೋದರೂ ಅಲ್ಲಿಯವರಿಗೆ ಭಾರವಾಗದು.