ಮದುವೆಗೆ ಬಂದವರು ಗುಡ್ಡ ಹತ್ತಬಹುದೇ?

ಮದುವೆಯ ಮನೆಯಲ್ಲಿ ಗಂಡಸೊಬ್ಬ ಬೆಳಗ್ಗೆ ಎದ್ದವನೇ ಕಾಣೆಯಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. "ವಾಕಿಂಗ್ ಹೋಗಿರಬೇಕು ಬಿಡಿ" ಎನ್ನುತ್ತಾರೆ. ಅದೇ ಹೆಂಗಸೊಬ್ಬಳು ಅರ್ಧ ಗಂಟೆ ಕಣ್ಣಿಗೆ ಬೀಳದಿದ್ದರೆ ಹುಡುಕಾಟ ಶುರುವಾಗುತ್ತದೆ. ಕೋಣೆಯ ಬೀಗದ ಕೈ ಅವಳ ಸೆರಗಿನಲ್ಲಿದೆ, ಅರಿಶಿನದ ಬಟ್ಟಲು ಎಲ್ಲಿಟ್ಟಿದ್ದಾಳೋ ಗೊತ್ತಿಲ್ಲ, ತಾಂಬೂಲದ ಚೀಲಗಳನ್ನು ಎಣಿಸಬೇಕಿತ್ತು. ಹೀಗೆ ಅವಳಿಲ್ಲದೆ ನಿಂತುಹೋದ ಕೆಲಸಗಳ ಪಟ್ಟಿಯೇ ಬೆಳೆಯುತ್ತದೆ. ತಾನೂ ಸುಮ್ಮನೆ ನಡೆದಾಡಲು ಹೋಗಿದ್ದೆ ಎಂದು ಅವಳು ಹೇಳಿದರೆ ಕೇಳಿದವರ ಹುಬ್ಬು ಮೇಲೇರುತ್ತದೆ. ಮದುವೆಗೆ ಬಂದು ಸುಮ್ಮನೆ ನಡೆದಾಡುವುದೇ?

ಇದು ಬರೀ ನಗುವ ಮಾತಲ್ಲ. ಇದರೊಳಗೆ ಒಂದು ನಿಜವಾದ ಪ್ರಶ್ನೆಯಿದೆ. ಇನ್ನೊಬ್ಬರ ಸಂಭ್ರಮಕ್ಕೆಂದು ಹೋದಾಗ ನಮ್ಮದೇ ಆದ ಒಂದು ಸಂತೋಷವನ್ನೂ ಹುಡುಕಿಕೊಳ್ಳುವುದು ಸರಿಯೇ? ಸರಿಯಾದರೆ ಎಷ್ಟರ ಮಟ್ಟಿಗೆ?

ಈ ಪ್ರಶ್ನೆ ನನಗೆ ನೇರವಾಗಿ ಎದುರಾದದ್ದು ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಡೆಯ ಒಂದು ಮದುವೆಯಲ್ಲಿ. ಗೆಳತಿಯ ಮಗಳ ಮದುವೆ. ಕಲ್ಯಾಣ ಮಂಟಪ ಬೇಡವೆಂದು ಅವರು ತಮ್ಮ ತೋಟದಲ್ಲೇ ಚಪ್ಪರ ಹಾಕಿಸಿದ್ದರು. ಶನಿವಾರ ಚಪ್ಪರ ಮತ್ತು ವರಪೂಜೆ, ಭಾನುವಾರ ಧಾರೆ. ತುಮಕೂರಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಕಾಲೇಜು ಓದಿದ ನಾವು ಐದು ಜನ ಶುಕ್ರವಾರವೇ ಹೋಗಿ ಸೇರಿದೆವು. ಎಲ್ಲರಿಗೂ ಐವತ್ತು ದಾಟಿದೆ. ಒಬ್ಬಳಿಗೆ ಸಕ್ಕರೆ ಕಾಯಿಲೆ, ಒಬ್ಬಳಿಗೆ ಮಂಡಿ ನೋವು, ಒಬ್ಬಳು ಗಂಡನನ್ನು ಕಳೆದುಕೊಂಡು ಎರಡು ವರ್ಷ. ಮಾಘ ಮಾಸದ ಬೆಳಗು, ತೋಟದ ಆಚೆಗೆ ಕಡಲೇಕಾಯಿ ಕಿತ್ತು ಖಾಲಿಯಾದ ಹೊಲ, ಅದರಾಚೆ ಜಾಲಿ, ತಂಗಡಿ, ಕಾರೆ ಗಿಡಗಳ ಕುರುಚಲು, ಅದಕ್ಕೂ ಆಚೆ ಒಂದು ಬೋಳು ಗುಡ್ಡ. ಮರುದಿನ ಬೆಳಗ್ಗೆ ಐದೂವರೆಗೆ ಎದ್ದು ಅಲ್ಲಿಗೆ ಹೋಗಿಬರೋಣವೆಂದು ಮಾತಾಯಿತು. ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಗೆಳತಿಯ ಸೋದರತ್ತೆಗೆ ಇದು ಕೇಳಿಸಿತು. "ಏನ್ರಮ್ಮಾ, ಮದ್ವೆಗ್ ಬಂದಿದೀರೋ, ಗುಡ್ಡ ಕಾಯಕ್ಕೆ ಬಂದಿದೀರೋ?" ಎಂದರು ಆಕೆ. ನಗುತ್ತಲೇ ಕೇಳಿದರು. ಆದರೆ ಆ ಮಾತು ನನ್ನ ಜೊತೆ ಇವತ್ತಿನವರೆಗೂ ನಡೆದು ಬಂದಿದೆ.

ಹಳೆಯ ಕಾಲದ ಮದುವೆಯನ್ನು ನೆನೆಸಿಕೊಂಡರೆ ಅದು ಕೂತು ನೋಡುವ ಮದುವೆಯಾಗಿರಲಿಲ್ಲ. ಚಪ್ಪರಕ್ಕೆ ಹೊಂಗೆ ಸೊಪ್ಪು, ಅತ್ತಿ ಕೊಂಬೆ ತರಬೇಕು. ಹುತ್ತದ ಮಣ್ಣಿಗೆ ಊರಾಚೆ ಹೋಗಬೇಕು. ಕುಂಬಾರರ ಮನೆಯಿಂದ ಐರಾಣಿ ಗಡಿಗೆಗಳನ್ನು ಹೊತ್ತು ತರಬೇಕು. ಬಾವಿಗೋ ಕೆರೆಗೋ ಹೋಗಿ ಗಂಗೆಯನ್ನು ಪೂಜಿಸಿ ನೀರು ತುಂಬಿಕೊಂಡು ಬರಬೇಕು. ಇವೆಲ್ಲವೂ ಹೆಂಗಸರು ಗುಂಪುಗೂಡಿ, ಸೋಬಾನೆ ಹೇಳುತ್ತಾ, ಒಬ್ಬರನ್ನೊಬ್ಬರು ಛೇಡಿಸುತ್ತಾ ನಡೆದು ಮಾಡುತ್ತಿದ್ದ ಶಾಸ್ತ್ರಗಳು. ಕುಂಬಾರರ ಬೀದಿ ಎಷ್ಟೇ ಹತ್ತಿರವಿದ್ದರೂ ಹೆಂಗಸರು ಬೇಗ ಹಿಂದಿರುಗುತ್ತಿರಲಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಅತ್ತೆಯ ಕಣ್ಣಳತೆಯಿಂದ ಆಚೆ ಹೋಗಲು ಶಾಸ್ತ್ರವೇ ಕೊಟ್ಟ ಅಪ್ಪಣೆ ಅದು. ಹೆಣ್ಣುಮಕ್ಕಳಿಗೆ ನಡಿಗೆ ಬೇಕು, ಗೆಳೆತನ ಬೇಕು, ಬಯಲ ಗಾಳಿ ಬೇಕು ಎಂದು ಬಾಯಿಬಿಟ್ಟು ಹೇಳದೆಯೇ ಹಿಂದಿನವರು ಅದಕ್ಕೊಂದು ದಾರಿ ಮಾಡಿಟ್ಟಿದ್ದರು.

ಆಮೇಲೆ ಕಲ್ಯಾಣ ಮಂಟಪಗಳು ಬಂದವು. ಐರಾಣಿ ಅಂಗಡಿಯಿಂದ ಬಂತು, ಗಂಗೆ ನಲ್ಲಿಯಿಂದ ಬಂತು. ಅನುಕೂಲವಾಯಿತು, ಇಲ್ಲವೆನ್ನಲಾರೆ. ಆದರೆ ಹೆಂಗಸರ ಓಡಾಟ ಎರಡೇ ಬಗೆಯದಾಯಿತು. ಮನೆಯವರಾದರೆ ಉಗ್ರಾಣಕ್ಕೂ ಕೋಣೆಗೂ ನಡುವೆ ಓಟ, ನೆಂಟರಾದರೆ ರೇಷ್ಮೆ ಸೀರೆಯುಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ದಿನವಿಡೀ ಕೂರುವುದು. ಸಂತೋಷಕ್ಕಾಗಿ ಗೆಳತಿಯರ ಜೊತೆ ಕಾಲಾಡಿಸುವುದು ಇವೆರಡರ ನಡುವೆ ಎಲ್ಲೋ ಬಿದ್ದುಹೋಯಿತು. ಈಗ ಪೇಟೆಯ ಜನ ರೆಸಾರ್ಟುಗಳಲ್ಲಿ ಎರಡು ಮೂರು ದಿನದ ಮದುವೆ ಮಾಡಿ, ಅತಿಥಿಗಳಿಗೆ ಬೆಟ್ಟ ಹತ್ತುವುದು, ಸೈಕಲ್ ತುಳಿಯುವುದು ಎಂದು ಕಾರ್ಯಕ್ರಮ ಹಾಕುತ್ತಾರೆ. ಕಳೆದುಹೋದದ್ದನ್ನು ಹಣ ಕೊಟ್ಟು ತಿರುಗಿ ತರುವ ಪ್ರಯತ್ನವಿದು ಎಂದು ನನಗೆ ಅನ್ನಿಸುತ್ತದೆ.

"ಮನೆಗೆಲಸವೇ ವ್ಯಾಯಾಮವಲ್ಲವೇ, ಬೇರೆ ನಡಿಗೆ ಏಕೆ?" ಎಂದು ಕೇಳುವವರು ಇಂದಿಗೂ ಇದ್ದಾರೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷವಾದರೂ ಚುರುಕಾಗಿ ಮೈ ಆಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಅದಕ್ಕೂ ಒಂದು ವರ್ಷ ಹಿಂದೆ, 2019ರಲ್ಲಿ, ನಮ್ಮ ದೇಶದಾದ್ಯಂತ ಜನ ತಮ್ಮ ದಿನವನ್ನು ಹೇಗೆ ಕಳೆಯುತ್ತಾರೆಂದು ಸರ್ಕಾರ ಸಮೀಕ್ಷೆ ನಡೆಸಿತ್ತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಆಗ ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲೇ ಇರುತ್ತಿದ್ದರು, ಅದೇ ಕೆಲಸಕ್ಕೆ ಕೈಹಾಕುವ ಗಂಡಸರು 97 ನಿಮಿಷ. ಈ ಎರಡು ಲೆಕ್ಕವನ್ನು ಪಕ್ಕಪಕ್ಕ ಇಟ್ಟರೆ ನಮ್ಮ ಹೆಂಗಸರಿಗೆ ಕಾಲಾಡಿಸುವ ಉಪದೇಶವೇ ಬೇಡವೆಂದು ತೋರಬಹುದು. ಆದರೆ ಕೆಲಸದ ನಡಿಗೆಯಲ್ಲಿ ಕಾಲು ಮಾತ್ರ ನಮ್ಮದು, ಹೊತ್ತು ಬೇರೆಯವರದು. ಯಾರೋ ಕರೆದಾಗ ಹೊರಡಬೇಕು, ಅವರು ಹೇಳಿದಲ್ಲಿ ನಿಲ್ಲಬೇಕು. ಗೆಳತಿಯರ ಜೊತೆಗಿನ ನಡಿಗೆಯಲ್ಲಿ ಹೊತ್ತೂ ನಮ್ಮದು. ಮೈಗೆ ಎರಡೂ ಒಂದೇ ಇರಬಹುದು, ಮನಸ್ಸಿಗೆ ಅಲ್ಲ.

ನಮ್ಮ ಮದುವೆಗಳಲ್ಲಿ ಗೆಳತಿ ಎಂಬುವಳಿಗೆ ಜಾಗವೇ ಇಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಸೋದರಮಾವನಿಗೆ ಒಂದು ಶಾಸ್ತ್ರವಿದೆ, ಅತ್ತಿಗೆಗೆ, ನಾದಿನಿಗೆ, ಬೀಗಿತಿಗೆ ಒಂದೊಂದು ಮರ್ಯಾದೆಯಿದೆ. ಮೂವತ್ತು ವರ್ಷ ಕಷ್ಟಸುಖ ಹಂಚಿಕೊಂಡ ಗೆಳತಿಗೆ ಏನಿದೆ? ಒಂದು ಕುರ್ಚಿ, ಒಂದು ತಾಂಬೂಲ. ನಮ್ಮಲ್ಲಿ ಗಂಡನನ್ನು ಕಳೆದುಕೊಂಡಿದ್ದವಳ ಪಾಡು ಇನ್ನೂ ಬೇರೆ. ಅರಿಶಿನ ಹಚ್ಚಲು ಮುತ್ತೈದೆಯರು ಬನ್ನಿ ಎಂದು ಕರೆದಾಗೆಲ್ಲ, ಯಾರೂ ಹೇಳದಿದ್ದರೂ, ಅವಳು ತಾನಾಗಿಯೇ ಎರಡು ಹೆಜ್ಜೆ ಹಿಂದೆ ಸರಿದು ಚಪ್ಪರದ ಕಂಬಕ್ಕೆ ಒರಗುತ್ತಿದ್ದಳು. ಆ ಎರಡು ಹೆಜ್ಜೆಗಳು ನೋಡುವವರಿಗೆ ಕಾಣುವುದೇ ಇಲ್ಲ, ಅಷ್ಟು ಅಭ್ಯಾಸವಾಗಿಬಿಟ್ಟಿವೆ. ಗುಡ್ಡದ ದಾರಿಯಲ್ಲಿ ಮಾತ್ರ ಅವಳು ಎಲ್ಲರಿಗಿಂತ ಮುಂದೆ. ಮುಳ್ಳು ಸರಿಸಿ ದಾರಿ ಮಾಡಿದವಳು ಅವಳು, ಮಂಡಿ ನೋವಿನವಳಿಗೆ ಕೈ ಕೊಟ್ಟು ಬಂಡೆ ಹತ್ತಿಸಿದವಳು ಅವಳು. ಅಲ್ಲಿ ಮುತ್ತೈದೆ ಯಾರು, ಅಲ್ಲದವರು ಯಾರು ಎಂದು ಕೇಳುವವರಿರಲಿಲ್ಲ. ಮದುವೆಯ ಸಂಭ್ರಮದಲ್ಲಿ ಆಕೆಗೆ ಸಿಕ್ಕ ಪಾಲು ಆ ಒಂದೂವರೆ ಗಂಟೆ. ಅದನ್ನು ಮೋಜು ಎಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು.

ಇಷ್ಟು ಹೇಳಿದ ಮೇಲೂ ಆ ಸೋದರತ್ತೆಯ ಮಾತು ತಪ್ಪೆಂದು ನಾನು ಹೇಳುವುದಿಲ್ಲ. ಆಕೆ ಕೇಳಿದ್ದು ನ್ಯಾಯದ ಪ್ರಶ್ನೆ. ಐದು ಜೊತೆ ಕೈಗಳು ಗುಡ್ಡಕ್ಕೆ ಹೋದರೆ ಅವರೆಕಾಯಿ ಸುಲಿಯುವವರು ಯಾರು? ಒಬ್ಬರ ಬಿಡುವು ಇನ್ನೊಬ್ಬರ ಬೆನ್ನಿನ ಮೇಲೆ ಕೂರುತ್ತದೆ ಎನ್ನುವುದು ಹಳೆಯ ಸತ್ಯ. ಬಿಡುವೇ ಮನುಷ್ಯನ ಶ್ರೇಷ್ಠ ಸ್ಥಿತಿ ಎಂದು ಗ್ರೀಸಿನ ಅರಿಸ್ಟಾಟಲ್ ಎಣಿಸಿದ್ದ. ಅವನ ಕಾಲದ ನಾಗರಿಕರಿಗೆ ಆ ಬಿಡುವು ಸಿಗುತ್ತಿದ್ದುದು ಗುಲಾಮರ ಮತ್ತು ಹೆಂಗಸರ ದುಡಿಮೆಯಿಂದ.

ನಮ್ಮ ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮ ಈ ವಿಷಯದಲ್ಲಿ ನನಗೆ ಹೆಚ್ಚು ಹತ್ತಿರದವಳು. ಬೀದಿಯಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಬಡ ದಂಪತಿ ಲಕ್ಕಮ್ಮ, ಮಾರಯ್ಯ. ಮಾರಯ್ಯ ಒಮ್ಮೆ ಶರಣರ ಮಾತುಕತೆಯಲ್ಲಿ ಮೈಮರೆತು ಕೂತಾಗ ಅವಳು ಬಂದು ಕಾಯಕ ನಿಂತುಹೋಗಿದೆ, ಹೋಗು ಎಂದು ಎಬ್ಬಿಸಿದಳಂತೆ. ಇನ್ನೊಮ್ಮೆ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮಗೆ ಬೇಕಾದ್ದಕ್ಕಿಂತ ಹೆಚ್ಚು, ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳಂತೆ. ನಾವು ಈ ಎರಡು ಕಥೆಗಳನ್ನು ಬೇರೆಬೇರೆಯಾಗಿ ಹೇಳುತ್ತೇವೆ. ಒಟ್ಟಿಗೆ ಇಟ್ಟು ನೋಡಿದರೆ ಅಲ್ಲಿ ಒಂದು ಅಳತೆಗೋಲಿದೆ. ಸತ್ಸಂಗವಾದರೂ ಕೆಲಸವನ್ನು ನುಂಗಬಾರದು, ದುಡಿಮೆಯಾದರೂ ಅಗತ್ಯವನ್ನು ಮೀರಬಾರದು. ಬಿಡುವಿಗೂ ಇದೇ ಅಳತೆ ಹೊಂದುತ್ತದೆ. ನಮಗೆ ಬೇಕಾದಷ್ಟು ಬಿಡುವನ್ನು ಆಯ್ದುಕೊಳ್ಳಬಹುದು. ಅದಕ್ಕಿಂತ ಹೆಚ್ಚಿನದು ಯಾರದೋ ಪಾಲು, ಅದನ್ನು ಹಿಂದಕ್ಕೆ ಸುರಿಯಬೇಕು.

ನಾವು ಐವರೂ ಮಾಡಿಕೊಂಡ ಏರ್ಪಾಡು ಬಹಳ ಸರಳವಾದದ್ದು. ರಾತ್ರಿ ಹನ್ನೊಂದರವರೆಗೆ ಎಲ್ಲರೂ ಕೂತು ಅವರೆಕಾಳು ಹಿತುಕಿದೆವು. ಬೆಳಗ್ಗೆ ಏಳು ಗಂಟೆಯೊಳಗೆ ಹಿಂದಿರುಗುತ್ತೇವೆಂದು ಹೇಳಿ ಹೋಗಿ, ಅಷ್ಟರೊಳಗೆ ಬಂದೆವು. ಧಾರೆಯ ದಿನ ನಮ್ಮಲ್ಲಿ ಇಬ್ಬರು ಉಳಿದು ಬೀಗದ ಕೈ, ಅರಿಶಿನದ ಬಟ್ಟಲು ಎಲ್ಲವನ್ನೂ ವಹಿಸಿಕೊಂಡರು. ಅವರ ಬದಲಿಗೆ ಮದುವಣಗಿತ್ತಿಯ ತಾಯಿಯೂ ಅವಳ ಅತ್ತಿಗೆಯೂ ಮುಕ್ಕಾಲು ಗಂಟೆ ಹೊಲದ ಬದುವಿನಲ್ಲಿ ನಡೆದು ಬಂದರು. ತಾಯಿ ದಾರಿಯಲ್ಲಿ ಒಮ್ಮೆ ನಿಂತು ಅತ್ತಳು. ಚಪ್ಪರದಡಿಯಲ್ಲಿ ಅಳಲು ಅವಳಿಗೆ ಪುರಸೊತ್ತೇ ಆಗಿರಲಿಲ್ಲ.

ಪಾತ್ರೆ ತೊಳೆಯಲು ಬಂದಿದ್ದ ಹೆಂಗಸೊಬ್ಬಳನ್ನೂ ನಮ್ಮವಳೊಬ್ಬಳು ಕರೆದಳು. "ಬರ್ತೀಯೇನಮ್ಮಾ, ನೀನೂ ಒಂದು ಸುತ್ತು ಹೋಗಿಬರೋಣ?" ಆಕೆ ನಕ್ಕುಬಿಟ್ಟಳು. "ಕುರಿ ಹಿಂದೆ ದಿನಾ ಅಲ್ಲೇ ತಿರುಗ್ತೀನಿ ಕಣಕ್ಕಾ. ನಂಗೆ ನಡೆಯೋದ್ ಬ್ಯಾಡ, ಒಂದ್ ಗಳಿಗೆ ಕೂತ್ಕಳೋದ್ ಬೇಕು." ನಡಿಗೆ, ವ್ಯಾಯಾಮ ಎಂದು ನಾವು ಕಟ್ಟಿದ್ದ ತರ್ಕದಲ್ಲಿ ಏನು ಕೊರತೆಯಿತ್ತೆಂದು ಆ ಮಾತು ತೋರಿಸಿತು. ನಡೆಯುವುದರಲ್ಲೇ ಯಾವ ಪುಣ್ಯವೂ ಇಲ್ಲ. ದಿನವಿಡೀ ಕೂರಿಸಲ್ಪಟ್ಟವಳಿಗೆ ನಡೆಯುವುದು ಬಿಡುವು, ದಿನವಿಡೀ ನಡೆಯುವವಳಿಗೆ ಕೂರುವುದು ಬಿಡುವು. ಅವಳಿಗೆ ಒಂದು ಕುರ್ಚಿ, ಒಂದು ಲೋಟ ಕಾಫಿ ಕೊಟ್ಟು, ಅಷ್ಟು ಹೊತ್ತು ನಲ್ಲಿಯ ಹತ್ತಿರ ಬೇರೆಯವರು ನಿಲ್ಲುವುದೇ ಅವಳ ಮಟ್ಟಿಗೆ ಸರಿಯಾದ ಸತ್ಕಾರ.

ಮನುಷ್ಯರ ಪಾಲಿನ ಜೊತೆಗೆ ಆ ಜಾಗದ ಪಾಲನ್ನೂ ಎಣಿಸಬೇಕು. ಬುಕ್ಕಾಪಟ್ಟಣದ ಸುತ್ತಲ ಕುರುಚಲು ಕಾಡು ನೋಡುವವರ ಕಣ್ಣಿಗೆ ಬರೀ ಬೆಂಗಾಡು. ಆದರೆ ಚಿಂಕಾರ ಎಂಬ ಪುಟ್ಟ ಹುಲ್ಲೆ ಅಲ್ಲಿ ಬದುಕಿರುವುದರಿಂದ 2019ರಲ್ಲಿ ಸುಮಾರು 136 ಚದರ ಕಿಲೋಮೀಟರ್ ಕಾಡನ್ನು ಚಿಂಕಾರ ವನ್ಯಧಾಮವೆಂದು ಘೋಷಿಸಲಾಯಿತು. ನೀರಿಲ್ಲದೆ ಬಹುಕಾಲ ತಡೆಯಬಲ್ಲ ಪ್ರಾಣಿ ಅದು. ತಿನ್ನುವ ಎಲೆಯಿಂದ, ಇಬ್ಬನಿಯಿಂದ ತನಗೆ ಬೇಕಾದ ತೇವವನ್ನು ಪಡೆಯುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳಲ್ಲಿ ಕೊಂಬಿನ ವೈಭವ ಗಂಡಿನದು. ಚಿಂಕಾರದಲ್ಲಿ ಹೆಣ್ಣಿಗೂ ಕೊಂಬಿದೆ, ಸ್ವಲ್ಪ ಸಣ್ಣದು ಅಷ್ಟೇ. ಇದನ್ನು ಕೇಳಿ ನಮ್ಮ ಗುಂಪಿನಲ್ಲಿ ಬಹಳ ಹೊತ್ತು ನಗುವಿತ್ತು. ವನ್ಯಧಾಮದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗುವಂತಿಲ್ಲ, ಹೋಗಲೂ ಬಾರದು. ನಮಗೆ ಊರಿನ ಹೊಲದ ದಾರಿ, ಊರಿನ ಗುಡ್ಡವೇ ಸಾಕಾಗಿತ್ತು. ಶಿರಾ ತಾಲ್ಲೂಕಿನದೇ ಕಗ್ಗಲಡು ಗ್ರಾಮದ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರವರು ಕಾಯುತ್ತಾರೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರಂತೂ ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಕಾಣುತ್ತಾರೆ. ಬಯಲಿನಲ್ಲಿ ಮದುವೆ ಮಾಡುವವರು ಈ ನೆರೆಹೊರೆಯನ್ನೂ ನೆನೆಯಬೇಕು. ರಾತ್ರಿಯಿಡೀ ಧ್ವನಿವರ್ಧಕ ಕೂಗಿಸಿ, ಬೆಳಗಾದ ಮೇಲೆ ಎಲೆ ಲೋಟಗಳನ್ನು ಹಳ್ಳಕ್ಕೆ ಎಸೆದು ಹೊರಟರೆ, ನಾವು ಪ್ರಕೃತಿಯ ಮಡಿಲಿಗೆ ಬಂದದ್ದು ನೆಂಟರಾಗಿ ಅಲ್ಲ.

ಹಾಗಾದರೆ ಮದುವೆಗೆ ಬಂದವರು ಗುಡ್ಡ ಹತ್ತಬಹುದೇ? ಹತ್ತಬಹುದು ಎಂದೇ ನನ್ನ ಉತ್ತರ. ಹತ್ತುವ ಮೊದಲು ಅಂಗಳದ ಕೆಲಸದಲ್ಲಿ ತಮ್ಮ ಪಾಲನ್ನು ಮುಗಿಸಿರಬೇಕು, ಇಳಿದ ಮೇಲೆ ಇನ್ನೊಬ್ಬರಿಗೆ ಸರದಿ ಬಿಟ್ಟುಕೊಡಬೇಕು. ಕೇಳದೆ ಹೋದರೆ ಅದು ತಪ್ಪಿಸಿಕೊಳ್ಳುವುದು, ಹೇಳಿ ಹೋಗಿ ಹೇಳಿದ ಹೊತ್ತಿಗೆ ಬಂದರೆ ಅದು ಹಕ್ಕು. ಕಂಬಕ್ಕೆ ಒರಗಿ ನಿಂತವಳನ್ನು ಮುಂದೆ ಬಿಟ್ಟುಕೊಂಡು ಹೋದರೆ ಆ ಹಕ್ಕಿಗೆ ಇನ್ನಷ್ಟು ಬೆಲೆ.

ಲಗ್ನಪತ್ರಿಕೆಯಲ್ಲಿ ವರಪೂಜೆ, ಧಾರೆ, ಬೀಗರೂಟ ಎಲ್ಲಕ್ಕೂ ಗಳಿಗೆ ಬರೆಯುತ್ತೇವೆ. ಮನೆಯ ಹೆಣ್ಣುಮಕ್ಕಳು, ಅವರ ಗೆಳತಿಯರು ಒಟ್ಟಾಗಿ ಕಳೆಯಲೆಂದು ಒಂದು ಗಳಿಗೆಯನ್ನು ನಾವೇ ಗೊತ್ತುಮಾಡಿಕೊಂಡರೆ ಯಾವ ಮುಹೂರ್ತಕ್ಕೂ ಅಡ್ಡಿಯಾಗದು. ಅದನ್ನು ಅಚ್ಚು ಹಾಕಿಸಬೇಕಾಗಿಲ್ಲ. ಆ ಹೊತ್ತಿನಲ್ಲಿ ಉಗ್ರಾಣದ ಬೀಗದ ಕೈ ಮನೆಯ ಯಾರಾದರೂ ಗಂಡಸರ ಜೇಬಿನಲ್ಲಿದ್ದರೆ ಸಾಕು.