ಈರ್ಯಾಸಮಿತಿಯೂ ಕಾರಿನ ಪರದೆಯೂ

ಜೈನಾಚಾರದಲ್ಲಿ ನಡಿಗೆಯೂ ಒಂದು ವ್ರತವೇ. ಮುನಿಗಳು ಪಾಲಿಸುವ ಪಂಚ ಸಮಿತಿಗಳಲ್ಲಿ ಮೊದಲ ಸ್ಥಾನ ಈರ್ಯಾಸಮಿತಿಗೆ ಸಂದಿದೆ. ಸೂರ್ಯನ ಬೆಳಕಿರುವಾಗ, ಜನ ಓಡಾಡಿ ಸವೆದ ದಾರಿಯಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಜೀವಗಳಿಗೆ ನೋವಾಗದಂತೆ ಹೆಜ್ಜೆಯಿಡುವುದೇ ಅದರ ಲಕ್ಷಣ. ಈ ನಿಯಮದ ಹಿಂದೆ ಸೂಕ್ಷ್ಮವಾದ ವಿವೇಕವಿದೆ. ಕಣ್ಣಿಗೆ ಎಷ್ಟು ನೆಲ ಸ್ಪಷ್ಟವಾಗಿ ಕಾಣುವುದೋ ಅದಕ್ಕೆ ತಕ್ಕ ವೇಗದಲ್ಲಿ ಮಾತ್ರ ದೇಹ ಮುಂದುವರಿಯಬೇಕು. ದೃಷ್ಟಿ ಹಿಂದುಳಿದು ದೇಹ ಮುಂದೆ ಹೋದರೆ ಅಲ್ಲಿ ಹಿಂಸೆಗೆ ಎಡೆಯಾಗುತ್ತದೆ.

ಶ್ರಾವಕನಿಗೆ ಮಹಾವ್ರತಗಳಿಲ್ಲ, ಅಣುವ್ರತಗಳಿವೆ. ವ್ಯಾಪಾರಕ್ಕೆ, ವ್ಯವಸಾಯಕ್ಕೆ, ತೀರ್ಥಯಾತ್ರೆಗೆ ಅವನು ವಾಹನವೇರದೆ ಬದುಕಲಾರ. ಹಾಗೆಂದ ಮಾತ್ರಕ್ಕೆ ಈರ್ಯಾಸಮಿತಿಯ ವಿವೇಕ ಅವನಿಗೆ ಸಂಬಂಧಿಸಿದ್ದಲ್ಲವೆಂದು ಹೇಳಲಾಗದು. ಬರಿಗಾಲಿನಲ್ಲಿ ನಿಧಾನವಾಗಿ ನಡೆಯುವವನಿಗೇ ಇಷ್ಟು ಎಚ್ಚರ ವಿಹಿತವಾಗಿರುವಾಗ, ಒಂದು ಟನ್ ಭಾರದ ಕಬ್ಬಿಣವನ್ನು ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡಿಸುವವನಿಗೆ ಎಷ್ಟು ಎಚ್ಚರ ಬೇಕು?

ಕಲಬುರಗಿ ಜಿಲ್ಲೆಯ ಪೂರ್ವ ಮತ್ತು ದಕ್ಷಿಣ ಭಾಗದ ರಸ್ತೆಗಳನ್ನು ಬಲ್ಲವರಿಗೆ ಈ ಪ್ರಶ್ನೆಯ ಭಾರ ತಿಳಿದಿದೆ. ಸೇಡಂ, ಮಳಖೇಡ, ವಾಡಿಗಳ ಸಿಮೆಂಟ್ ಕಾರ್ಖಾನೆಗಳಿಂದ ಹೊರಡುವ ಲಾರಿಗಳು, ಶಹಾಬಾದಿನಿಂದ ಹಾಸುಗಲ್ಲು ಹೊತ್ತು ಬರುವ ವಾಹನಗಳು, ಚಿತ್ತಾಪುರದ ತೊಗರಿ ಹೊಲಗಳ ನಡುವೆ ಸಂಜೆ ಮನೆಗೆ ಮರಳುವ ದನಕುರಿಗಳು, ಚಿಂಚೋಳಿಯ ಕಾಡಂಚಿನಲ್ಲಿ ರಸ್ತೆ ದಾಟುವ ವನ್ಯಜೀವಿಗಳು, ಎಲ್ಲವೂ ಇದೇ ರಸ್ತೆಗಳನ್ನು ಹಂಚಿಕೊಳ್ಳಬೇಕು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದ ಮಳಖೇಡಕ್ಕೆ, ಕಾಗಿಣಾ ತೀರದ ನೇಮಿನಾಥ ಬಸದಿಯ ದರ್ಶನಕ್ಕೆ ಬರುವ ಯಾತ್ರಿಕರ ದಾರಿಯೂ ಇದೇ. ಮುನಿಗಳ, ಆರ್ಯಿಕೆಯರ ವಿಹಾರವೂ ಇಂಥ ರಸ್ತೆಗಳ ಅಂಚಿನಲ್ಲೇ ಸಾಗಬೇಕು. ವಿಹಾರಕಾಲದಲ್ಲಿ ವಾಹನ ಬಡಿದು ಸಾಧುಸಾಧ್ವಿಯರು ಅಸುನೀಗಿದ ಸುದ್ದಿಗಳನ್ನು ದೇಶದ ಹಲವು ಕಡೆಗಳಿಂದ ನಾವು ಕೇಳಿದ್ದೇವೆ. 2022ರೊಂದರಲ್ಲೇ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಮೃತಪಟ್ಟರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಸತ್ತ ನಾಯಿ, ಕರು, ಹಾವುಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಇಂಥ ರಸ್ತೆಯ ಮೇಲೆ ಚಾಲಕನ ಕಣ್ಣನ್ನು ಸೆಳೆಯುವ ಹೊಸದೊಂದು ವಸ್ತು ಕಾರಿನೊಳಗೇ ಬಂದು ಕುಳಿತಿದೆ. ಮಾಹಿತಿ, ಮನರಂಜನೆಗಳೆರಡನ್ನೂ ಬೆರೆಸಿ ‘ಇನ್‌ಫೋಟೇನ್‌ಮೆಂಟ್’ ಎಂದು ಹೆಸರಿಟ್ಟಿರುವ ಟಚ್‌ಸ್ಕ್ರೀನ್ ಪರದೆಯದು. ಮೊದಲು ರೇಡಿಯೊಗೆ ಒಂದು ತಿರುಗುಗುಂಡಿ, ಗಾಳಿಗೆ ಒಂದು, ತಂಪಿಗೆ ಒಂದು ಇರುತ್ತಿದ್ದವು. ಈಗ ಅನೇಕ ಕಾರುಗಳಲ್ಲಿ ಇವೆಲ್ಲವೂ ಗಾಜಿನ ಹಿಂದೆ ಅಡಗಿವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಎ.ಸಿ.ಯನ್ನು ತುಸು ಹೆಚ್ಚಿಸಬೇಕಾದರೆ ನಕ್ಷೆಯ ಪುಟವನ್ನು ಸರಿಸಿ, ಇನ್ನೊಂದು ಪುಟವನ್ನು ತೆರೆದು, ಅದರಲ್ಲಿ ಸಣ್ಣ ಗುರುತೊಂದನ್ನು ಹುಡುಕಿ ಬೆರಳಿಡಬೇಕು. ಅಷ್ಟರಲ್ಲಿ ರಸ್ತೆಯ ತಗ್ಗಿಗೆ ಗಾಲಿ ಬಿದ್ದರೆ ಬೆರಳು ಜಾರಿ ಬೇರೇನೋ ತೆರೆದುಕೊಳ್ಳುತ್ತದೆ. ದಾರಿ ತೋರಿಸೆಂದು ‘ಶಹಾಬಾದ್’ ಎಂದರೆ ಆ ಹೆಸರಿನ ಊರುಗಳು ಉತ್ತರಪ್ರದೇಶದಲ್ಲಿಯೂ ಹರಿಯಾಣದಲ್ಲಿಯೂ ಇವೆ. ಪಟ್ಟಿಯನ್ನು ಓದಿ ನಮ್ಮದನ್ನು ಆರಿಸಬೇಕು. ಬ್ಲೂಟೂತ್ ಮೂಲಕ ಜೋಡಿಸಿದ ಫೋನು ಕಳಚಿಕೊಂಡರೆ ಮತ್ತೆ ಮೊದಲಿನಿಂದ ಆರಂಭ. ಇವೆಲ್ಲ ಸಣ್ಣ ಕಿರಿಕಿರಿಗಳೆಂದು ನಾವು ನಕ್ಕು ಬಿಡುತ್ತೇವೆ. ಆದರೆ ಪ್ರತಿಯೊಂದು ಕಿರಿಕಿರಿಯೂ ರಸ್ತೆಯಿಂದ ಕದ್ದ ಕೆಲವು ಕ್ಷಣಗಳು.

ಕ್ಷಣಗಳ ಈ ಲೆಕ್ಕವನ್ನು ಮಾಡಿಯೇ ನೋಡೋಣ. ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನಂಥ ಗಣಿತಜ್ಞನಿಗೆ ಆಶ್ರಯವಿತ್ತ ನಾಡು ಇದು, ಲೆಕ್ಕಕ್ಕೆ ಹಿಂಜರಿಯಬೇಕಾಗಿಲ್ಲ. ಗಂಟೆಗೆ 60 ಕಿ.ಮೀ. ವೇಗದ ಕಾರು ಎರಡು ಸೆಕೆಂಡಿನಲ್ಲಿ ಸುಮಾರು 33 ಮೀಟರ್ ಸಾಗುತ್ತದೆ, ಅಂದರೆ 70 ಮೊಳಕ್ಕೂ ಹೆಚ್ಚು. ಮುನಿಯು ನಾಲ್ಕು ಮೊಳ ನೆಲವನ್ನೂ ನೋಡದೆ ತುಳಿಯನು. ನಾವು 70 ಮೊಳವನ್ನು ನೋಡದೆಯೇ ದಾಟುತ್ತೇವೆ. ಚಾಲಕನು ಒಮ್ಮೆಗೆ ಎರಡು ಸೆಕೆಂಡಿಗಿಂತ ಹೆಚ್ಚು ಕಣ್ಣು ಹೊರಳಿಸಬೇಕಾಗದಂತೆ, ಒಂದು ಕೆಲಸಕ್ಕೆ ಒಟ್ಟು 12 ಸೆಕೆಂಡಿಗಿಂತ ಹೆಚ್ಚು ನೋಟ ಬೇಕಾಗದಂತೆ ಸಾಧನಗಳನ್ನು ರಚಿಸಬೇಕೆಂದು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 2013ರಲ್ಲಿ ಸೂಚಿಸಿತು. ಅದು ಸೂಚನೆ ಮಾತ್ರ, ಕಡ್ಡಾಯವಲ್ಲ. 2022ರಲ್ಲಿ ಸ್ವೀಡನ್ನಿನ ‘ವೀ ಬೀಲ್ಯಾಗರೆ’ ಎಂಬ ವಾಹನಪತ್ರಿಕೆ ಗಂಟೆಗೆ 110 ಕಿ.ಮೀ. ವೇಗದಲ್ಲಿ ಹಲವು ಕಾರುಗಳನ್ನು ಪರೀಕ್ಷಿಸಿತು. ಗುಂಡಿಗಳಿದ್ದ 2005ರ ಹಳೆಯ ವೋಲ್ವೊ ಕಾರಿನಲ್ಲಿ ನಿಗದಿತ ಕೆಲಸಗಳು 10 ಸೆಕೆಂಡಿನಲ್ಲಿ ಮುಗಿದವು. ಅಷ್ಟರಲ್ಲಿ ಕಾರು 306 ಮೀಟರ್ ಸಾಗಿತ್ತು. ಪರದೆಯಿದ್ದ ಹೊಸ ಕಾರುಗಳಲ್ಲಿ ಎಲ್ಲಕ್ಕಿಂತ ಹಿಂದೆ ಬಿದ್ದುದಕ್ಕೆ 44.9 ಸೆಕೆಂಡು ಬೇಕಾಯಿತು. ಅದು ಸಾಗಿದ ದೂರ 1,372 ಮೀಟರ್.

ಇದಕ್ಕೆ ಕಾರಣ ಗಹನವಾದುದೇನಲ್ಲ. ಗುಂಡಿಗೆ ಉಬ್ಬಿದೆ, ಅಂಚಿದೆ, ನಿಶ್ಚಿತವಾದ ಸ್ಥಾನವಿದೆ. ನಾಲ್ಕು ದಿನ ರೂಢಿಯಾದರೆ ಕೈಯೇ ಅದನ್ನು ಗುರುತಿಸುತ್ತದೆ, ಕಣ್ಣು ರಸ್ತೆಯ ಮೇಲೆಯೇ ಉಳಿಯುತ್ತದೆ. ಗಾಜಿನ ಪರದೆಯಾದರೋ ನುಣುಪು ಮಾಡಿದ ಶಹಾಬಾದ್ ಕಲ್ಲಿನಂತೆ. ಎಲ್ಲಿ ಮುಟ್ಟಿದರೂ ಬೆರಳಿಗೆ ಒಂದೇ ಅನುಭವ. ಆದ್ದರಿಂದ ಸ್ಪರ್ಶೇಂದ್ರಿಯ ಮಾಡಬಹುದಾಗಿದ್ದ ಕೆಲಸಕ್ಕೆ ಚಕ್ಷುರಿಂದ್ರಿಯವನ್ನು ಕರೆಯಬೇಕಾಗುತ್ತದೆ. ಕಾರಿನಲ್ಲಿ ಇಂಥ ಪರದೆ ಮೊದಲು ಬಂದುದು 1986ರಲ್ಲಿ, ಅಮೆರಿಕದ ಬ್ಯೂಯಿಕ್ ರಿವೇರಾದಲ್ಲಿ. 2012ರಲ್ಲಿ ಟೆಸ್ಲಾ 17 ಅಂಗುಲದ ಪರದೆಯನ್ನು ಇಟ್ಟ ಬಳಿಕ ಅದು ಪ್ರತಿಷ್ಠೆಯ ಗುರುತಾಯಿತು. ತೊಂದರೆ ಕಾರಿಗಷ್ಟೇ ಸೀಮಿತವಲ್ಲ. 2017ರ ಆಗಸ್ಟಿನಲ್ಲಿ ಸಿಂಗಪುರದ ಬಳಿ ಅಮೆರಿಕದ ‘ಜಾನ್ ಎಸ್. ಮೆಕೇನ್’ ಯುದ್ಧನೌಕೆ ಬೇರೊಂದು ಹಡಗಿಗೆ ಡಿಕ್ಕಿಯಾಗಿ ಹತ್ತು ನಾವಿಕರು ಮಡಿದರು. ನೌಕೆಯನ್ನು ನಿಯಂತ್ರಿಸುವ ಸ್ಪರ್ಶಪರದೆಯ ಗೊಂದಲವೂ ಅದಕ್ಕೆ ಕಾರಣಗಳಲ್ಲೊಂದೆಂದು ತನಿಖೆ ಕಂಡುಕೊಂಡಿತು. 2019ರಲ್ಲಿ ಆ ನೌಕಾಪಡೆ ಕೈಯಿಂದ ಹಿಡಿಯುವ ಸನ್ನೆಗಳಿಗೆ ಮರಳಲು ನಿರ್ಧರಿಸಿತು.

ಇನ್ನು ನೀತಿಯ ಪ್ರಶ್ನೆಗೆ ಬರೋಣ. ಪರದೆಯನ್ನು ನೋಡುತ್ತಿದ್ದಾಗ ಒಂದು ಜೀವ ಗಾಲಿಗೆ ಸಿಕ್ಕಿತು. ಆ ಹಿಂಸೆ ಯಾರದು? ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹಾನಿಯನ್ನು ಮಾತ್ರ ಹೇಳದೆ, ಪ್ರಮಾದಯುಕ್ತವಾದ ಯೋಗವನ್ನು ಅದಕ್ಕೆ ಮೂಲವಾಗಿ ಇಟ್ಟಿದ್ದಾರೆ. ಕುಂದಕುಂದಾಚಾರ್ಯರೂ ಅಮೃತಚಂದ್ರರೂ ಇದನ್ನೇ ವಿಶದಪಡಿಸಿದ್ದಾರೆ. ಎಚ್ಚರದಿಂದ ನಡೆಯುವವನ ಕಾಲಡಿಗೆ ಅರಿಯದೆ ಜೀವವೊಂದು ಸಿಕ್ಕರೂ ಅವನಿಗೆ ಹಿಂಸಾದೋಷವಿಲ್ಲ. ಎಚ್ಚರದಪ್ಪಿದವನಿಗಾದರೋ ಯಾವ ಜೀವವೂ ಸಾಯದಿದ್ದರೂ ದೋಷ ತಪ್ಪದು. ಹೀಗಿರಲು, ‘ನಾನು ಇಷ್ಟು ವರ್ಷ ಪರದೆ ನೋಡುತ್ತಲೇ ಓಡಿಸಿದ್ದೇನೆ, ಏನೂ ಆಗಿಲ್ಲ’ ಎಂಬ ಸಮಾಧಾನಕ್ಕೆ ನಮ್ಮ ಶಾಸ್ತ್ರದಲ್ಲಿ ಎಡೆಯಿಲ್ಲ. ಆಗದಿದ್ದುದು ಇತರರ ಆಯುಷ್ಯ. ಪ್ರಮಾದ ಮಾತ್ರ ನಮ್ಮದೇ.

ಲೌಕಿಕ ನ್ಯಾಯವೂ ಚಾಲಕನನ್ನೇ ಹಿಡಿಯುತ್ತದೆ. ಜರ್ಮನಿಯಲ್ಲಿ ಒಬ್ಬನು ಜೋರು ಮಳೆಯಲ್ಲಿ ವೈಪರಿನ ವೇಗವನ್ನು ಪರದೆಯ ಮೇಲೆ ಬದಲಿಸಲು ಹೋಗಿ ರಸ್ತೆಯಿಂದಾಚೆ ಮರಗಳಿಗೆ ಡಿಕ್ಕಿ ಹೊಡೆದನು. 2020ರಲ್ಲಿ ಕಾರ್ಲ್ಸ್‌ರೂಹೆಯ ಉಚ್ಚ ನ್ಯಾಯಾಲಯ ಅವನಿಗೆ ವಿಧಿಸಿದ್ದ ದಂಡವನ್ನೂ ಒಂದು ತಿಂಗಳ ಚಾಲನಾನಿಷೇಧವನ್ನೂ ಎತ್ತಿಹಿಡಿಯಿತು. ವೈಪರನ್ನು ಪರದೆಯೊಳಗೆ ಇಟ್ಟವರು ಆ ಕಟಕಟೆಯಲ್ಲಿ ನಿಲ್ಲಲಿಲ್ಲ. ಮಳೆಯಲ್ಲಿ ವೈಪರ್ ವಿಲಾಸವಲ್ಲ, ಅವಶ್ಯಕತೆ. ಅದನ್ನು ಸರಿಪಡಿಸಿದರೂ ಅಪಾಯ, ಬಿಟ್ಟರೂ ಅಪಾಯ ಎಂಬ ಸ್ಥಿತಿಯಲ್ಲಿ ಮನುಷ್ಯನನ್ನು ನಿಲ್ಲಿಸಿದವನಿಗೆ ಹೊಣೆಯೇ ಇಲ್ಲವೆ?

ಇಲ್ಲಿ ಜೈನಶಾಸ್ತ್ರ ನ್ಯಾಯಾಲಯಕ್ಕಿಂತ ಮುಂದೆ ಹೋಗುತ್ತದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಆಸ್ರವಕ್ಕೆ ಆಧಾರವಾಗುವ ಅಧಿಕರಣಗಳನ್ನು ಜೀವ, ಅಜೀವ ಎಂದು ವಿಂಗಡಿಸಿದೆ. ಜೀವಾಧಿಕರಣದಲ್ಲಿ ಕೃತ, ಕಾರಿತ, ಅನುಮತ ಎಂಬ ಮೂರು ಭೇದಗಳಿವೆ: ತಾನು ಮಾಡಿದ್ದು, ಮಾಡಿಸಿದ್ದು, ಮೆಚ್ಚಿದ್ದು. ಅಜೀವಾಧಿಕರಣದಲ್ಲಿ ನಿರ್ವರ್ತನಾ, ನಿಕ್ಷೇಪ ಎಂಬವು ಮೊದಲು ಬರುತ್ತವೆ. ನಿರ್ವರ್ತನೆಯೆಂದರೆ ರಚನೆ, ನಿಕ್ಷೇಪವೆಂದರೆ ವಸ್ತುವನ್ನು ಇಡುವುದು. ನೋಡದೆ ಇಡುವುದು, ಆತುರದಲ್ಲಿ ಇಡುವುದು, ಇಡಬಾರದ ಕಡೆ ಇಡುವುದು, ಎಲ್ಲವೂ ನಿಕ್ಷೇಪದ ದೋಷಗಳೇ. ಕಮಂಡಲುವನ್ನು ಕೆಳಗಿಡುವಾಗ ನೆಲವನ್ನು ನೋಡಬೇಕೆಂದು ವಿಧಿಸಿದ ಧರ್ಮ, ಓಡುವ ವಾಹನದ ವೈಪರ್ ಗುಂಡಿಯನ್ನು ಎಲ್ಲಿಡಬೇಕೆಂಬುದನ್ನು ನೀತಿಯ ಪ್ರಶ್ನೆಯೆಂದೇ ಕಾಣುವುದು. ರಚಿಸಿದವನ ಹೊಣೆ ರಚಿಸಿದವನಿಗೆ, ಓಡಿಸಿದವನದು ಓಡಿಸಿದವನಿಗೆ. ಒಬ್ಬನ ಪಾಲು ಹೆಚ್ಚಾಯಿತೆಂದು ಇನ್ನೊಬ್ಬನದು ಕಡಿಮೆಯಾಗುವುದಿಲ್ಲ. ಕರ್ಮವು ಆಸ್ತಿಯಂತೆ ಪಾಲಾಗುವ ವಸ್ತುವಲ್ಲ.

ಹಾಗಾದರೆ ಅನುಮತದ ದೋಷ ಯಾರಿಗೆ? ಕೊಳ್ಳುವವರಿಗೆ. ಅನೇಕ ಗುಂಡಿಗಳನ್ನು ಬೇರೆಬೇರೆಯಾಗಿ ಮಾಡಿಸುವುದಕ್ಕಿಂತ ಒಂದೇ ಪರದೆಯಲ್ಲಿ ಎಲ್ಲವನ್ನೂ ಸೇರಿಸುವುದು ತಯಾರಕರಿಗೆ ಅಗ್ಗ, ಅಲ್ಲಿ ಲೋಭವಿದೆ. ನೆರೆಮನೆಯವರದಕ್ಕಿಂತ ದೊಡ್ಡ ಪರದೆ ನಮ್ಮದೆಂಬುದು ಕೊಳ್ಳುವವರಿಗೆ ಹೆಮ್ಮೆ, ಅಲ್ಲಿ ಮಾನವಿದೆ. ಕಣ್ಣು ಸೆಳೆಯುವ ವಸ್ತುವನ್ನೇ ಸುರಕ್ಷತೆಯ ವಸ್ತುವೆಂದು ಮಾರುವುದರಲ್ಲಿ ಮಾಯೆಯಿದೆ. ಪರದೆ ಮಾತು ಕೇಳದಿದ್ದಾಗ ಚಾಲಕನಲ್ಲಿ ಹುಟ್ಟುವುದು ಕ್ರೋಧ. ಆ ಸಿಡುಕಿನಲ್ಲಿಯೇ ಅವನು ಎದುರಿನ ಲಾರಿಯನ್ನು ಹಿಂದಿಕ್ಕಲು ಹೊರಡುತ್ತಾನೆ. ನಾಲ್ಕು ಕಷಾಯಗಳೂ ಒಂದು ಗೇಣು ಗಾಜಿನಲ್ಲಿ ಕೂಡಿದಂತಾಯಿತು. ಗೊಮ್ಮಟಸಾರದಲ್ಲಿ ಎಣಿಸಿರುವ ಹದಿನೈದು ಪ್ರಮಾದಗಳಲ್ಲಿ ಕಷಾಯಗಳ ಜೊತೆಗೆ ವಿಕಥೆ, ಇಂದ್ರಿಯ, ನಿದ್ರೆ, ಪ್ರಣಯಗಳೂ ಸೇರಿವೆ. ಊಟದ ಮಾತು, ರಾಜ್ಯದ ಮಾತು, ಕಣ್ಣಿನ ಸೊಗಸು, ಕಿವಿಯ ಸೊಗಸು, ಇವನ್ನೇ ತಾನೆ ಆ ಪರದೆ ನಮಗೆ ಹಗಲಿರುಳು ಬಡಿಸುತ್ತಿರುವುದು?

ಆದರೂ ಏಕಾಂತವಾಗಿ ತೀರ್ಪು ಕೊಡುವುದು ನಮ್ಮ ಪದ್ಧತಿಯಲ್ಲ. ಇದೇ ಪರದೆ ಕಾರು ಹಿಂದಕ್ಕೆ ಸರಿಯುವಾಗ ಕ್ಯಾಮೆರಾದ ಮೂಲಕ ಬೆನ್ನ ಹಿಂದಿರುವ ಮಗುವನ್ನೋ ಮಲಗಿದ ನಾಯಿಯನ್ನೋ ತೋರಿಸಿ ಉಳಿಸುತ್ತದೆ. ಅಪರಿಚಿತ ಊರಿನಲ್ಲಿ ನಕ್ಷೆಯು ಅಲೆದಾಟವನ್ನು ತಪ್ಪಿಸುತ್ತದೆ. ಕಾಣದುದನ್ನು ಕಾಣಿಸಿದಾಗ ಪರದೆ ಈರ್ಯಾಸಮಿತಿಗೆ ಸಹಕಾರಿ. ಕಾಣಬೇಕಾದುದರಿಂದ ಕಣ್ಣನ್ನು ಕೀಳುವಾಗ ವಿರೋಧಿ. ಆದುದರಿಂದ ವಿಚಾರಿಸಬೇಕಾದುದು ಪರದೆ ಇರಬೇಕೇ ಬೇಡವೇ ಎಂಬುದನ್ನಲ್ಲ; ಯಾವ ಕೆಲಸ ಅದರೊಳಗೆ ಇರಬೇಕು, ಯಾವುದು ಕೈಗೆ ಸಿಗುವಂತೆ ಹೊರಗಿರಬೇಕು ಎಂಬುದನ್ನು.

ಎಚ್ಚರವನ್ನು ವ್ಯವಸ್ಥೆಯೊಳಗೇ ಕಟ್ಟಬಹುದೆಂಬುದಕ್ಕೆ ನಿದರ್ಶನ ಹುಡುಕಲು ದೂರ ಹೋಗಬೇಕಾಗಿಲ್ಲ. ವಾಡಿ ಜಂಕ್ಷನ್ನಿನ ಮೂಲಕ ಮುಂಬಯಿ, ಚೆನ್ನೈ, ಸಿಕಂದರಾಬಾದುಗಳ ಕಡೆ ರೈಲುಗಳು ಸಾಗುತ್ತವೆ. ರೈಲು ಓಡಿಸುವವನೂ ಅವನ ಸಹಾಯಕನೂ ಪ್ರತಿ ಸಿಗ್ನಲ್ಲನ್ನು ಕಂಡು, ಕೈಚಾಚಿ, ಅದರ ಬಣ್ಣವನ್ನು ಬಾಯಿಬಿಟ್ಟು ಪರಸ್ಪರ ಹೇಳಿಕೊಳ್ಳಬೇಕೆಂಬುದು ರೈಲ್ವೆಯ ನಿಯಮ. ಕಣ್ಣು, ಕೈ, ಮಾತುಗಳೆಲ್ಲವನ್ನೂ ದಾರಿಯ ಕಡೆಗೇ ತಿರುಗಿಸುವ ಕಟ್ಟುಪಾಡು ಅದು. ಕಾರಿನ ಪರದೆ ಇವೆಲ್ಲವನ್ನೂ ದಾರಿಯಿಂದ ಹೊರಳಿಸುತ್ತದೆ. ಆದರೆ ಲೋಕ ತಿದ್ದಿಕೊಳ್ಳಲು ತೊಡಗಿದೆ. ವಾಹನಗಳಿಗೆ ಸುರಕ್ಷತೆಯ ತಾರೆಗಳನ್ನು ನೀಡುವ ಯೂರೋಪಿನ ‘ಯೂರೋ ಎನ್‌ಕ್ಯಾಪ್’ ಸಂಸ್ಥೆಯು ಇಂಡಿಕೇಟರ್, ಅಪಾಯಸೂಚಕ ದೀಪ, ಹಾರ್ನ್, ವೈಪರ್, ತುರ್ತುಕರೆ ಇವುಗಳಿಗೆ ಮುಟ್ಟಿ ತಿಳಿಯುವ ಗುಂಡಿಗಳನ್ನು ನಿರೀಕ್ಷಿಸುವ ನಿಯಮವನ್ನು 2026ರಿಂದ ಅನ್ವಯಿಸುವುದಾಗಿ ಘೋಷಿಸಿತು.

ನಮ್ಮ ಪಾಲಿನ ಕರ್ತವ್ಯಗಳು ಕಷ್ಟವಾದವಲ್ಲ. ಕಾರು ಕೊಳ್ಳುವಾಗ ಅಂಗಡಿಯಲ್ಲಿ ಕಣ್ಣುಮುಚ್ಚಿ ಕುಳಿತು, ಗಾಳಿ, ತಂಪು, ವೈಪರ್, ಧ್ವನಿ ಇವು ಕೈಗೆ ಸಿಗುವವೇ ಎಂದು ಪರೀಕ್ಷಿಸಬೇಕು, ಸಿಗದಿದ್ದರೆ ಬೇಡವೆನ್ನಬೇಕು. ಹೊರಡುವ ಮೊದಲೇ ದಾರಿಯನ್ನು ಹೊಂದಿಸಿ, ಮಧ್ಯೆ ಬದಲಿಸಬೇಕಾದರೆ ಪಕ್ಕದಲ್ಲಿ ಕುಳಿತವರಿಗೆ ಒಪ್ಪಿಸಬೇಕು, ಇಲ್ಲವೆ ವಾಹನವನ್ನು ಬದಿಗೆ ನಿಲ್ಲಿಸಬೇಕು. ಬಸದಿಗಳ ಟ್ರಸ್ಟುಗಳು ವಾಹನ ಕೊಳ್ಳುವಾಗ ಇದನ್ನೇ ಅನುಸರಿಸಬೇಕು. ದಾನಿಗಳು ಕೊಡುವ ವಾಹನವನ್ನು ಸ್ವೀಕರಿಸುವಾಗಲೂ ಈ ಪರಿಶೀಲನೆ ಇರಲಿ. ಚಾಲಕರನ್ನು ನೇಮಿಸುವಾಗ ಓಡುವ ವಾಹನದಲ್ಲಿ ಪರದೆ ಮುಟ್ಟಬಾರದೆಂದು ಕಟ್ಟುಮಾಡಬೇಕು. ಅದೇ ಚಾಲಕನಿಗೆ ಓಡುವಾಗಲೇ ಫೋನು ಮಾಡಿ ‘ಎಲ್ಲಿದ್ದೀರಿ’ ಎಂದು ಕೇಳುವ ನಮ್ಮ ಅಭ್ಯಾಸವನ್ನೂ ಬಿಡಬೇಕು; ಅದು ಕಾರಿತದೋಷವಲ್ಲದೆ ಮತ್ತೇನೂ ಅಲ್ಲ. ವಿಹಾರದ ಮುಂದೆಯೂ ಹಿಂದೆಯೂ ಸಾಗುವ ವಾಹನಗಳಿಗೆ ಈ ನಿಯಮ ಎರಡು ಪಾಲು ಅನ್ವಯಿಸುತ್ತದೆ.

ಮಯೂರಪಿಂಛದಿಂದ ನೆಲವನ್ನು ಸವರಿ ಕುಳಿತುಕೊಳ್ಳುವವರನ್ನು ನಾವು ಗುರುಗಳೆಂದು ವಂದಿಸುತ್ತೇವೆ. ಅವರು ನಡೆಯುವ ರಸ್ತೆಯಲ್ಲಿ ನಮ್ಮ ಕಣ್ಣು ರಸ್ತೆಯ ಮೇಲೆಯೇ ಇರುವುದು ಆ ವಂದನೆಯ ಮೊದಲ ಭಾಗ.